ಟೊಳ್ಳು ಕೈ

ಗುಳ್ಳೆ ಏಳುವುದು ನಿಂತಿತು, ಬಕೆಟ್ಟಿನ ನೀರು ಪ್ಲಾಸ್ಟರ್ ಪುಡಿಯನ್ನು ಪೂರ್ತಿ ಕುಡಿದಾಯಿತು, ಇನ್ನು ಕಲಸಬೇಕು, ಕಲಸಿದರೆ ಐದು ನಿಮಿಷ, ಆರನೆಯ ನಿಮಿಷಕ್ಕೆ ಕಲ್ಲು — ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮುರಿದ ಕೈಕಾಲಿಗೆ ಪಟ್ಟಿ ಸುತ್ತಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಎಲ್ಲರ ಬಾಯಲ್ಲೂ ಪ್ಲಾಸ್ಟರಮ್ಮ ಆಗಿಹೋದವಳು, ಸ್ವಂತ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಕ್ಕೂ ಒಂದು ಗಳಿಗೆ ಬೇಕು. ಸೊಂಟ ಬಿದ್ದುಹೋಗಿದೆ. ಬೆಳಗಿನಿಂದ ನಾಲ್ಕು ಜನರನ್ನು ತುಂಬಿಸಿದ್ದಾಯಿತು, ಉಳಿದವನು ಒಬ್ಬ, ಅವನ ಒಂದು ಕೈ. ಬಸ್ಸಿಗೆ ಕಾಯುತ್ತ ನಿಂತ ಐದು ಜನ, ಇವಳೇ ಕಟ್ಟಿದ ಆಳೆತ್ತರದ ಬೊಂಬೆಗಳು — ರೋಗಿಗಳ ಮೈಯಿಂದ ಕೊಯ್ದು ತೆಗೆದ ಹಳೇ ಪ್ಲಾಸ್ಟರುಗಳೇ ಕೈಕಾಲು, ಮುರಿದ ಕೊಡೆಯ ಕಡ್ಡಿಗಳೇ ಪಕ್ಕೆಲುಬು, ತಳ ಹೋದ ಪಾತ್ರೆಗಳೇ ತಲೆ. ಮೂರು ಗಂಟೆಗೆ ಲಾರಿ ಬರುತ್ತದೆ, ದೊಡ್ಡ ಪ್ರದರ್ಶನ, ಅರವತ್ತೊಂದನೆಯ ವಯಸ್ಸಿಗೆ ಮೊದಲನೆಯದು, ಗ್ಯಾಲರಿಯ ಹುಡುಗಿ ನಿನ್ನೆ ಬಂದು ಎಲ್ಲವನ್ನೂ ತಟ್ಟಿ ತಟ್ಟಿ ನೋಡಿದಳು, ಅಮ್ಮಾ ಟೊಳ್ಳಿರೋದನ್ನ ತಗೊಳ್ಳೋಕಾಗಲ್ಲ, ದಾರೀಲೇ ಪುಡಿಯಾಗತ್ತೆ, ಒಳಗೆ ಗಟ್ಟಿ ತುಂಬಿಸಿಬಿಡಿ, ಐದೂ ಜನ ಇದ್ರೇನೇ ಚಂದ, ನಾಲ್ಕಾದ್ರೆ ಬೇಡ. ಬೇರೆ ಕೈ ಹಾಕೋಣವೆಂದರೆ ಆಸ್ಪತ್ರೆಯಲ್ಲಿ ಈಗ ಎಲ್ಲ ಫೈಬರ್ ಪಟ್ಟಿ, ಪ್ಲಾಸ್ಟರಿನ ಕೈ ಸಿಗುವುದಿಲ್ಲ. ಎಲ್ಲಿ ಕಲಿತ್ರಿ ಅಂತಲೂ ಕೇಳಿದಳು, ಫಾರಮ್ಮಿನಲ್ಲಿ ಆ ಜಾಗ ಖಾಲಿ ಬಿಡುವ ಹಾಗಿಲ್ಲವಂತೆ, ಎಲ್ಲಿ ಎಂದು ಹೇಳುವುದು — ಮೊದಲು ಒಂದು ಮಗುವಿನ ಕಾಲು, ಶಾಲೆಯ ಗೆಳೆಯರೆಲ್ಲ ಚಿತ್ರ ಬರೆದಿದ್ದ ಪ್ಲಾಸ್ಟರು, ಕಸಕ್ಕೆ ಹಾಕಲು ಮನಸ್ಸು ಬಾರದೆ ಚೀಲದಲ್ಲಿ ಮನೆಗೆ ತಂದದ್ದು, ಅದಕ್ಕೆ ಇನ್ನೊಂದನ್ನು ಅಂಟಿಸಿದರೆ ಬೆಳಗಾಗುವಷ್ಟರಲ್ಲಿ ಎರಡೂ ಕಳಚಿ ಬಿದ್ದದ್ದು, ಒಣಗಿದ್ದು ಹೊಸದರ ನೀರನ್ನೆಲ್ಲ ಹೀರಿಬಿಡುತ್ತದೆ, ಮೊದಲು ಹಳೆಯದನ್ನು ನೆನೆಸಬೇಕು ಎಂದು ತಿಳಿಯಲು ಒಂದು ವರ್ಷ, ತಂತಿ ಎಲ್ಲಿ ಹಾಯಿಸಬೇಕೆಂದು ತಿಳಿಯಲು ಇನ್ನೆರಡು. ಗಂಡ ಬಸ್ ಡ್ರೈವರು, ನಗುತ್ತಿದ್ದರು, ಬೇರೆಯವ್ರ ಹೆಂಡ್ತೀರು ಬರ್ತಾ ಹಣ್ಣು ತರ್ತಾರೆ, ನೀನು ಕಾಲು ತರ್ತೀಯ.

ಕೋಲು ಹಾಕಿ ಕಲಸಿದಳು, ಮೊಸರಿನ ಹದ ಬಂತು, ಇನ್ನು ಎತ್ತಿ ಸುರಿಯುವುದಷ್ಟೇ, ಎಡಗೈಯಲ್ಲಿ ಅವರ ಕೈಯನ್ನು ತಲೆಕೆಳಗಾಗಿ ಹಿಡಿದಿದ್ದಾಳೆ, ಬಸ್ಸು ನಿಲ್ಲಿಸಿ ಎಂದು ಎತ್ತಿದ ಕೈ, ಬಸ್ಸು ಓಡಿಸಿದ ಗಂಡನದೇ ಪ್ಲಾಸ್ಟರು. ಇವಳು ಮಾಡಿದ್ದೊಂದನ್ನು ಗೋಡೆಗೆ ತೂಗುಹಾಕಲು ಸ್ಟೂಲು ಹತ್ತಿ ಬಿದ್ದರು, ಮಣಿಕಟ್ಟು ಮುರಿಯಿತು, ನಾನೇ ಪ್ಲಾಸ್ಟರ್ ಹಾಕ್ತೀನಿ ಎಂದು ಹಟ ಹಿಡಿದಳು, ಗಾಬರಿಯಲ್ಲಿ ಹತ್ತಿಯನ್ನು ಮೂರು ಸುತ್ತು ಸುತ್ತುವ ಕಡೆ ಒಂದೇ ಸುತ್ತು, ಹೊಸಬರೂ ಮಾಡದ ತಪ್ಪು — ಬೆಚ್ಚಗಿದೆ ಕಣೇ, ಹೀಗೇ ಹಿಡ್ಕೊಂಡಿರು ಅಂದರು, ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅಷ್ಟೇ, ಅದು ಗೊತ್ತಿದ್ದೂ ಹಿಡಿದುಕೊಂಡೇ ಇದ್ದಳು. ಆರು ವಾರ ಬಿಟ್ಟು ಕೊಯ್ದು ಎಳೆದಾಗ ಕೂದಲೂ ಜೊತೆಗೇ ಕಿತ್ತು ಬಂತು, ಅಯ್ಯಯ್ಯೋ, ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ಬಿಟ್ಯಲ್ಲೇ, ಇಷ್ಟು ವರ್ಷದ ಸರ್ವೀಸು ಬೇರೆ. ಮೊಣಕೈಯ ಕಡೆಯಿಂದ ಇಣುಕಿದರೆ ಒಳಗೆ, ಮಣಿಕಟ್ಟಿನ ಹತ್ತಿರ, ಇನ್ನೂ ಅಂಟಿಕೊಂಡ ಕಪ್ಪು ಕೂದಲು, ಸುರಿದರೆ ಮುಚ್ಚಿಹೋಗುತ್ತದೆ. ಅವರು ಹೋಗಿ ಎರಡು ವರ್ಷ. ಅವರ ಅಂಗಿಗಳನ್ನೆಲ್ಲ ಕತ್ತರಿಸಿ ಈ ಐವರಿಗೆ ತೊಡಿಸಿದಾಗ ಏನೂ ಅನ್ನಿಸಲಿಲ್ಲ, ಅಂಗಿ ಅಂಗಿಯೇ, ಇದು ಅಂಗಿಯಲ್ಲ, ಇದು ಅವರೇ. ಸುರಿ ಪ್ಲಾಸ್ಟರಮ್ಮ, ಸುರಿ, ಹೊರಗಿನಿಂದ ಯಾರಿಗೆ ಗೊತ್ತಾಗುತ್ತದೆ, ಜನ ಬಂದು ನೋಡುತ್ತಾರೆ, ನಿನ್ನ ಹೆಸರು ಅಚ್ಚಾಗುತ್ತದೆ, ಜೀವಮಾನದಲ್ಲಿ ಒಂದು ಸಲ — ಸಾಕಾಗಿದೆ, ಎಲ್ಲಕ್ಕೂ ಸಾಕಾಗಿದೆ, ಅವರಿದ್ದಿದ್ದರೆ ಸುರಿಯೇ, ನನ್ನ ಕೂದಲಿಗೇನು ಬಂತು ಅನ್ನುತ್ತಿದ್ದರು, ಅವರಿದ್ದಿದ್ದರೆ ಸುರಿಯಬಹುದಿತ್ತು. ಬಕೆಟ್ಟು ಬಿಸಿಯಾಗಿದೆ. ಕೋಲು ಅಲುಗುತ್ತಿಲ್ಲ. ಹೊರಗೆ ಲಾರಿಯ ಹಾರನ್ನು, ಅಮ್ಮಾ ರೆಡೀನಾ, ಇನ್ನೊಂದು ಬಕೆಟ್ಟು ಕಲಸಬಹುದು, ಪುಡಿ ಇದೆ, ನೀರಿದೆ, ಐದೇ ನಿಮಿಷ — ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಒಳಗೆ ಕೂತ ಧೂಳನ್ನು ಉಫ್ ಎಂದು ಊದಿದಳು, ಕೂದಲು ಅಲ್ಲಾಡಿತು, ಮತ್ತೆ ಊದಿದಳು, ಕಪ್ಪು ಕೂದಲು, ಅಲ್ಲಾಡಿತು