ಒಂಬತ್ತು ದಿನದವಳು

ವಾರಿಜಾ ಕಣ್ಣು ಬಿಟ್ಟಾಗ ಜಲಜಾ ಚಾಪೆಯ ಪಕ್ಕದಲ್ಲೇ ಕುಳಿತು ಅವಳ ಕೈಯನ್ನು ನೋಡುತ್ತಿದ್ದಳು. ಮಧ್ಯಾಹ್ನ ಮೂರು ದಾಟಿತ್ತು. ಮಲಾಡಿನ ಆ ನಾಲ್ಕನೇ ಮಾಳಿಗೆಯ ಮನೆಯಲ್ಲಿ ಫ್ಯಾನ್ ತಿರುಗುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅಹಮದಾಬಾದಿನಿಂದ ಉಡುಪಿಗೆ ಒಂದೇ ಓಟದಲ್ಲಿ ಹೋಗಲು ಈಗ ಸೊಂಟ ಕೇಳುವುದಿಲ್ಲ. ಅದಕ್ಕೇ ವಾರಿಜಾ ಬೆಳಿಗ್ಗೆ ಮುಂಬಯಿಯಲ್ಲಿ ಇಳಿದು, ಸಂಜೆಯ ರೈಲಿನವರೆಗೆ ಬೆನ್ನು ಚಾಚಲು ಶಾಲೆಯ ಗೆಳತಿಯ ಮನೆಗೆ ಬಂದಿದ್ದಳು. ಮದುವೆಯಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಇದೇ ಮೊದಲು. ಗಂಜಿ ಉಣ್ಣುವಾಗ ಜಲಜಾ ಅದೂ ಇದೂ ಮಾತಾಡುತ್ತ, ನಿಮ್ಮ ಬರಿ ಯಾವುದು ಎಂದು ಕೇಳಿದ್ದಳು. ತಾಯಿಯ ಕಡೆಯಿಂದ ಬರುವ ಈ ಕುಲದ ಹೆಸರನ್ನು ತುಳುವರು ಸುಮ್ಮನೆ ಕೇಳುವುದಿಲ್ಲ. ಹೆಣ್ಣುಗಂಡಿನ ಬರಿ ಒಂದೇ ಆದರೆ ಮದುವೆಯಿಲ್ಲ; ಇವರದ್ದು ಬೇರೆಬೇರೆಯಾಗಿತ್ತು. ಜಲಜಾಳ ಮಗಳು ಶ್ರೇಯಾ ಪವಾಯಿಯಲ್ಲಿ ಕೆಲಸಕ್ಕಿದ್ದಳು, ವಾರಿಜಾಳ ಮಗ ಸಂದೀಪನಿಗೂ ಮದುವೆಯ ವಯಸ್ಸಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸ್ವಭಾವದ ವಾರಿಜಾ, ಮನಸ್ಸಿನಲ್ಲೇ ಹಾಲ್ ಬುಕ್ ಮಾಡಿ, ಊಟಕ್ಕೆ ಎಷ್ಟು ಬಗೆ ಎಂದೂ ತೀರ್ಮಾನಿಸಿ ನಿದ್ದೆಹೋಗಿದ್ದಳು.

"ನಿದ್ದೆಯಲ್ಲಿ ಯಾರನ್ನು ತಟ್ತಾ ಇದ್ದದ್ದು ನೀನು?" ಜಲಜಾ ಕೇಳಿದಳು.

"ಎಂತ?"

"ಒಂದು ಗಂಟೆಯಿಂದ ನೋಡ್ತಾ ಇದ್ದೇನೆ. ಪಕ್ಕದಲ್ಲಿ ಮಗು ಮಲಗಿಸಿದ ಹಾಗೆ ಚಾಪೆ ತಟ್ತಾ ಇದ್ದಿ. ನಡುವೆ ಸೆರಗು ಎಳೆದು ಹೊದೆಸಿದಿ ಸಹ."

ವಾರಿಜಾ ಕೈ ತಿರುಗಿಸಿ ನೋಡಿದಳು. ಅಂಗೈ ನಿಜಕ್ಕೂ ಕೆಂಪಾಗಿ ನೋಯುತ್ತಿತ್ತು. ಸೆರಗು ಪಕ್ಕದಲ್ಲಿ ಹರಡಿಕೊಂಡಿತ್ತು. ಅದನ್ನು ಹಿಂದಕ್ಕೆಳೆಯಲು ಯಾಕೋ ಧೈರ್ಯ ಬರಲಿಲ್ಲ.

ಬರಿ ಕೇಳಿದ್ದು ಶ್ರೇಯಾಳಿಗಾಗಿ ಅಲ್ಲ ಎಂದು ಜಲಜಾ ಆಗ ಹೇಳಿದಳು. ಎರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದ ಹಿರಿಯ ಮಗನಿಗಾಗಿ. ಎಳವೆಯಲ್ಲಿ ಹೋದವರೂ ಅಲ್ಲಿ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದಾಗ ಮದುವೆ ಕೇಳುತ್ತಾರೆ ಎಂಬುದು ಇಬ್ಬರೂ ಬಲ್ಲ ಮಾತೇ. ಶ್ರೇಯಾಳ ಮೂರು ಸಂಬಂಧ ಮುರಿದ ಮೇಲೆ ಊರಲ್ಲಿ ಜೋಯಿಸರ ಬಳಿ ಕೇಳಿಸಿದಾಗ, ಮೊದಲು ತೀರಿಹೋದ ಹೆಣ್ಣೊಬ್ಬಳೊಂದಿಗೆ ಅವನ ಕುಲೆಮದುವೆ ಮಾಡಿ, ಹೆಣ್ಣು ತಾನಾಗಿ ನಿಮ್ಮ ಬಾಗಿಲಿಗೆ ಬರುತ್ತದೆ ಎಂದಿದ್ದರಂತೆ. ಅಂದಿನಿಂದ ಬಂದ ಹೆಂಗಸರೆಲ್ಲರ ಬರಿ ಕೇಳುವುದು ಅವಳಿಗೆ ಅಭ್ಯಾಸವಾಗಿತ್ತು.

"ನಿನಗೆ ಮಗಳಿದ್ದಳಾ ವಾರಿಜಾ?"

ಒಬ್ಬನೇ ಮಗ ಎನ್ನುವುದು ಇಪ್ಪತ್ತೈದು ವರ್ಷದ ರೂಢಿ. ಒಂಬತ್ತು ದಿನ ಬದುಕಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಗಂಡ ಧನರಾಜ್ ಅಂದೇ ಹೇಳಿ, ತೊಟ್ಟಿಲನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದ. ಆಮೇಲೆ ಮನೆಯಲ್ಲಿ ಆ ಮಾತೇ ಇಲ್ಲ. ಈಗಲೂ ಇಲ್ಲ ಎಂದರೆ ಮುಗಿಯಿತು, ಸಂಜೆ ರೈಲು ಹತ್ತಬಹುದು. ಆದರೆ ಈ ಸಲ ಇಲ್ಲ ಎಂದರೆ ಅದನ್ನು ಕೇಳಿಸಿಕೊಳ್ಳುವವಳು ಸೆರಗಿನಡಿಯಲ್ಲಿ ಪಕ್ಕದಲ್ಲೇ ಇದ್ದಾಳೆ ಎನಿಸಿತು. ಅವಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ಇದ್ದಾಳೆ," ಎಂದಳು. "ಬರುವ ಆಟಿ ತಿಂಗಳಿಗೆ ಇಪ್ಪತ್ತಾರು."

ಇಷ್ಟು ವರ್ಷ ತಾನು ಅವಳ ವಯಸ್ಸು ಎಣಿಸುತ್ತಲೇ ಬಂದಿದ್ದೆ ಎಂಬುದು ಅವಳಿಗೂ ಆಗಲೇ ತಿಳಿದದ್ದು. ಅಳು ಒತ್ತರಿಸಿ ಬಂತು. ಜಲಜಾ ಸಮಾಧಾನ ಮಾಡಲು ಹೋಗಲಿಲ್ಲ. ತಾನೂ ಕಣ್ಣೊರೆಸಿಕೊಂಡು ಎದ್ದು, ಕಪಾಟಿನಿಂದ ಹೊಸ ಸೀರೆಯನ್ನೂ ಹಸಿರು ಗಾಜಿನ ಬಳೆಗಳನ್ನೂ ತಂದಳು. ಹೆಣ್ಣು ಯಾರೆಂದು ತಿಳಿಯದೆ ಬಳೆಯನ್ನು ಎರಡು ಅಳತೆಯಲ್ಲಿ ಕೊಂಡಿಟ್ಟಿದ್ದಳು.

ವಾರಿಜಾ ತನ್ನ ಕೈ ಚಾಚಿದಳು. ದೊಡ್ಡ ಅಳತೆಯ ಬಳೆ ಗೆಣ್ಣು ದಾಟಿ ಸಲೀಸಾಗಿ ಇಳಿಯಿತು. ಅದನ್ನು ಒಂದೆರಡು ಸಲ ತಿರುಗಿಸಿ ನೋಡಿ, ತೆಗೆದು ವಾಪಸು ಕೊಟ್ಟಳು.

"ಇದು ದೊಡ್ಡದಾಗ್ತದೆ," ಎಂದಳು. "ಅವಳ ಕೈ ನನ್ನಷ್ಟು ದಪ್ಪ ಇಲ್ಲ."

ಜಲಜಾ ಚಿಕ್ಕ ಬಳೆಗಳ ಕಟ್ಟು ಬಿಚ್ಚಿದಳು.