ಹಾಸಿಗೆ ಅಂಗಡಿಯವನ ದುಆ

ಯಂತ್ರ ತಿರುಗತೊಡಗಿದರೆ ಆ ಹಾಸಿಗೆ ಅಂಗಡಿಯಲ್ಲಿ ಗೋಡೆಗಳೇ ಕರಗಿಹೋಗುತ್ತಿದ್ದವು. ಹಿಂಜಿದ ಹತ್ತಿಯ ಎಳೆಗಳು ಎದ್ದು, ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಇಳಿಯಲು ಮನಸ್ಸಿಲ್ಲದಂತೆ ತೇಲುತ್ತಿದ್ದವು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದರ ನಡುವೆ ನಿಂತವನನ್ನು ಬೀದಿಯವರೆಲ್ಲ ಪಟಾಕಿ ಎಂದೇ ಕರೆಯುತ್ತಿದ್ದರು. ಗಿರಾಕಿ ಚೌಕಾಸಿ ಮಾಡಿದರೂ ಅವನಿಗೆ ಸಿಟ್ಟು, ಮಾಡದೆ ಹೋದರೂ ಸಿಟ್ಟು. ಇಷ್ಟು ಹತ್ತಿಯ ನಡುವೆ ಇವನನ್ನು ಬಿಟ್ಟು ಹೋಗುತ್ತೇನಲ್ಲ, ನನ್ನ ಗುಂಡಿಗೆ ನೋಡಿ ಎಂದು ಅವನ ಅಣ್ಣ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಈ ದಿನ ಮಾತ್ರ ಸಿಟ್ಟು ತನ್ನ ಮೇಲೇ. ಮೋಟಾರ್ ರಿಪೇರಿ ಕಲಿಸುವ ಸಂಜೆ ಕ್ಲಾಸು ಇವತ್ತೇ ಶುರು. ಹೆಸರು ಬರೆಸಿಯಾಗಿತ್ತು, ಮೊದಲ ದಿನ ತಪ್ಪಿಸಿದರೆ ಜಾಗ ಬೇರೆಯವರ ಪಾಲು. ಎಷ್ಟೋ ಮಧ್ಯಾಹ್ನ ಯಂತ್ರದ ಮೋಟಾರಿನ ಬಿಸಿ ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗೆ ಅದೇನು ತಿರುಗುತ್ತದೆ, ಯಾಕೆ ತಿರುಗುತ್ತದೆ ಎಂದು ನಿಂತಲ್ಲೇ ಕನಸಿಗೆ ಜಾರಿದವನು ಅವನು. ಆದರೂ ಹೋಗಲು ಕಾಲೇಳುತ್ತಿರಲಿಲ್ಲ. ಕಾರಣ ಹೇಳಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ಚಿಕ್ಕಂದಿನಲ್ಲಿ ಬೆಳಿಗ್ಗೆ ಮದರಸ, ಆಮೇಲೆ ಶಾಲೆ. ಮದರಸದಲ್ಲಿ ಉಸ್ತಾದರು ಒಂದು ದುಆವನ್ನು, ಆ ಅರಬ್ಬಿ ಪ್ರಾರ್ಥನೆಯ ಅರ್ಥದ ಸಮೇತ, ಕಲಿಸಿದ್ದರು: ಪ್ರಯೋಜನವಿಲ್ಲದ ವಿದ್ಯೆಯಿಂದ ನನ್ನನ್ನು ಕಾಪಾಡು ಎಂದು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಉತ್ತರ ತಪ್ಪಿದವರ ಬೆರಳ ಗೆಣ್ಣಿಗೆ ಡಸ್ಟರಿನ ಮರದ ಬದಿಯಿಂದ ಬಡಿಯುತ್ತಿದ್ದರು. ಊದಿದ ಬೆರಳುಗಳನ್ನು ಕಂಕುಳಲ್ಲಿ ಅವುಚಿಕೊಂಡ ಹುಡುಗ, ಆ ಪ್ರಯೋಜನವಿಲ್ಲದ ವಿದ್ಯೆ ಇದೇ ಎಂದು ತೀರ್ಮಾನಿಸಿಬಿಟ್ಟ. ಹಣೆಯನ್ನು ಚಾಪೆಗೊತ್ತಿ, ಹಲ್ಲು ಕಚ್ಚಿ ದುಆ ಮಾಡಿದ. ಆ ವರ್ಷವೇ ಅಪ್ಪ ಹಾಸಿಗೆ ಹಿಡಿದರು, ಅಣ್ಣ ಅವನನ್ನು ಅಂಗಡಿಗೆ ಎಳೆದುಕೊಂಡ, ಶಾಲೆಗೆ ಶರಣು ಹೊಡೆದದ್ದಾಯಿತು. ಕೇಳಿದ್ದನ್ನು ದೇವರು ಕೊಟ್ಟೇಬಿಟ್ಟ. ಈಗ ಯಾವ ಮುಖ ಹೊತ್ತು ಅದೇ ಬಾಗಿಲಿಗೆ ಹೋಗಿ, ತಪ್ಪಾಯ್ತು, ವಿದ್ಯೆ ಕೊಡು ಎನ್ನುವುದು?

ಬಿಸಿಲು ಹಳದಿಯಾಗುವ ಹೊತ್ತಿಗೆ ಬಾಗಿಲಲ್ಲಿ ಒಂದು ಹಾಸಿಗೆ ಕಂಡಿತು. ಹಾಸಿಗೆಯೇ ನಡೆದು ಬಂದಂತಿತ್ತು. ಅದರ ಅಡಿಯಿಂದ ಬಿಳಿ ಗಡ್ಡ ಹೊರಬಿತ್ತು. ಮದರಸದ ಅದೇ ಉಸ್ತಾದರು. ಹಾಸಿಗೆ ಕಲ್ಲಾಗಿದೆ, ಅದರ ಮೇಲೆ ಮಲಗಿ ತಾನೂ ಕಲ್ಲಾಗುತ್ತಿದ್ದೇನೆ, ಹಿಂಜಿಕೊಡು ಎಂದರು.

ಪಟಾಕಿ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಯಂತ್ರದ ಬಾಯಿಗೆ ಕೊಡುತ್ತಾ ಹೋದ. ಉಸ್ತಾದರ ಗಡ್ಡ ಯಾವುದು, ಹತ್ತಿ ಯಾವುದು ಎಂದು ತಿಳಿಯದಾಯಿತು. ಯಂತ್ರದ ಸದ್ದಿನಲ್ಲಿ ಹೇಳಿದರೆ ಅರ್ಧ ಕೇಳಿಸುತ್ತದೆ, ಅರ್ಧ ಹಾರಿಹೋಗುತ್ತದೆ. ಆ ಧೈರ್ಯದಲ್ಲಿ ಡಸ್ಟರು, ದುಆ, ಇವತ್ತಿನ ಕ್ಲಾಸು ಎಲ್ಲವನ್ನೂ ಹೇಳಿಬಿಟ್ಟ. ಉಸ್ತಾದರಿಗೆ ಪೂರ್ತಿ ಕೇಳಿಸಿತ್ತು. ಅವರು ಕೆಮ್ಮು ಬರುವವರೆಗೆ ನಕ್ಕರು. ಇವನ ಮುಖ ಕೆಂಪೇರಿತು, ಯಂತ್ರ ನಿಲ್ಲಿಸಿದ.

"ಸಿಟ್ಟಾಗಬೇಡ್ವೋ. ಆ ದುಆ ನಾನೂ ದಿನಾ ದೇವರ ಹತ್ರ ಕೇಳ್ತೀನಿ, ಪಾಠಕ್ಕೆ ಹೋಗೋ ಮುಂಚೆ," ಎಂದರು.

"ನೀವ್ಯಾಕೆ ಕೇಳ್ಬೇಕು? ನೀವು ಕಲಿಸೋರು."

"ಅದಕ್ಕೇ. ನಾನು ಕಲಿಸಿದ್ದು ಯಾವ ಮಗುವಿಗೂ ಉಪಯೋಗಕ್ಕೆ ಬರದೆ ಹೋದರೆ ಅಂತ ಭಯ."

ಪಟಾಕಿ ಮೂಗಿನ ಬಟ್ಟೆ ಕಿತ್ತೆಸೆದ. "ಹಾಗಾದ್ರೆ ಆ ದುಆನ ಲೆಕ್ಕದ ಮೇಷ್ಟ್ರು ಕೇಳ್ಬೇಕಿತ್ತು. ಅವರ ಬದಲು ನಾನು ಕೇಳ್ದೆ."

ಉಸ್ತಾದರು ಈ ಸಲ ನಗಲಿಲ್ಲ. "ಕೇಳ್ಬೇಕಿತ್ತು," ಎಂದರು ಮೆಲ್ಲಗೆ.

ಆ ಒಂದು ಮಾತನ್ನು ದೊಡ್ಡವರೊಬ್ಬರ ಬಾಯಿಂದ ಅವನು ಇದುವರೆಗೆ ಕೇಳಿರಲಿಲ್ಲ. ಕಣ್ಣು ಉರಿಯಿತು. ಹತ್ತಿಯ ಧೂಳು ಎಂದುಕೊಂಡ.

ಉಸ್ತಾದರು ಮುಂದುವರಿಸಿದರು. ಅಪ್ಪನ ಕಾಯಿಲೆಯನ್ನು ತನ್ನ ದುಆದ ಲೆಕ್ಕಕ್ಕೆ ಬರೆದುಕೊಳ್ಳುವುದು ಹುಚ್ಚುತನ ಎಂದರು. ಪ್ರವಾದಿಯವರಿಗೇ ದೇವರು ಇನ್ನಷ್ಟು ಕೇಳು ಎಂದು ಹೇಳಿಕೊಟ್ಟದ್ದು ವಿದ್ಯೆಯೊಂದನ್ನೇ, ಬಂಗಾರವನ್ನಲ್ಲ, ಬಂಗಲೆಯನ್ನಲ್ಲ ಎಂದರು. ಆಮೇಲೆ, "ಕ್ಲಾಸು ಎಷ್ಟೊತ್ತಿಗೆ?" ಎಂದು ಕೇಳಿದರು.

"ಈಗ್ಲೇ. ನಿಮ್ಮ ಹಾಸಿಗೆ ಹೀಗೆ ಹರಡಿಕೊಂಡಿದೆಯಲ್ಲ?"

"ಇವತ್ತು ನೆಲದ ಮೇಲೆ ಮಲಗ್ತೀನಿ, ಹೋಗು."

ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿ ಅಂಟಿಸಿಕೊಂಡೇ ಅವನು ಬೀದಿಗಿಳಿದ. ಸಂಜೆಯ ಬೆಳಕಿನಲ್ಲಿ ರಸ್ತೆ, ಸೈಕಲ್ಲು, ಜನ ಎಲ್ಲವೂ ನೀರಿನೊಳಗಿನಿಂದ ನೋಡಿದಂತೆ ತೂಗುತ್ತಿದ್ದವು. ನಡೆಯುತ್ತಾ ತುಟಿ ಅಲುಗಿಸಿದ. ಅರಬ್ಬಿ ಪದ ಅರ್ಧಕ್ಕೇ ಸಿಕ್ಕಿಕೊಂಡಿತು. ತನ್ನ ಮಾತಿನಲ್ಲೇ ಕೇಳಿದ: ನನ್ನ ಪ್ರಭುವೇ, ನನಗೆ ವಿದ್ಯೆ ಹೆಚ್ಚಿಸು.

ಕ್ಲಾಸಿನಲ್ಲಿ ಹಿಂದಿನ ಬೆಂಚು ಖಾಲಿಯಿತ್ತು. ಕಲಿಸುವಾತ ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರ ಸುತ್ತ ತಂತಿಯ ಸುರುಳಿ ಬಿಡಿಸಿ, ಪಟಪಟನೆ ಏನೇನೋ ಹೇಳಿ ಅಳಿಸಲು ಡಸ್ಟರ್ ಎತ್ತಿದ. ಎಲ್ಲರೂ ತಲೆಯಾಡಿಸಿದರು. ಪಟಾಕಿಯ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಅವನು ಅವನ್ನು ಒಂದೊಂದಾಗಿ ಬಿಡಿಸಿ, ಕೈಯೆತ್ತಿದ.

"ಸಾರ್, ನನಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳಿ."