ಬಾನೆಟ್ಟಿನ ಮೇಲಿನ ಬಿಳಿ ಕಲೆ

ಕಾರಿಗೆ ಕಪ್ಪು ಬಣ್ಣ ಹೊಡೆಯಬೇಕೆಂದು ಮೊದಲು ಯೋಚಿಸಿದವನು ಯಾರೋ ಏನೋ, ಶ್ರೀನಿವಾಸಪುರದ ಬೋರ್ ನೀರನ್ನಂತೂ ಅವನು ಕಂಡಿರಲಿಕ್ಕಿಲ್ಲ. ಸಾವಿರದ ನಾನೂರು ಅಡಿ ಆಳದಿಂದ ಮೇಲೆ ಬರುವ ಆ ನೀರು ಬಿಂದಿಗೆಯಲ್ಲಿ ನಿಂತರೆ ಬಿಂದಿಗೆಗೆ ಸುಣ್ಣ, ಒಲೆಯ ಮೇಲಿಟ್ಟರೆ ಪಾತ್ರೆಗೆ ಸುಣ್ಣ, ತಲೆಗೆ ಹುಯ್ದುಕೊಂಡರೆ ಕೂದಲೆಲ್ಲ ತೆಂಗಿನ ನಾರು. ಇಂಥ ನೀರಿನಲ್ಲಿ ದಿನಾ ಬೆಳಗಾದರೆ ಕಪ್ಪು ಕಾರು ತೊಳೆಯುವ ಕರ್ಮ ಗಂಗುಲಪ್ಪನ ಪಾಲಿಗೆ ಬಂದದ್ದು ಅವನ ಐವತ್ತೆಂಟನೆಯ ವಯಸ್ಸಿನಲ್ಲಿ.

ಮಾವಿನ ಮಂಡಿಯ ಚನ್ನರಾಯಪ್ಪನವರ ಮನೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಡ್ರೈವರ್. ಇಷ್ಟು ವರ್ಷದಲ್ಲಿ ಮೂರು ಕಾರು ಬಂದು ಹೋದವು, ಮೂರೂ ಬಿಳಿ. ಬಿಳಿ ಕಾರು ದೊಡ್ಡ ಮನಸ್ಸಿನದು, ಧೂಳು, ಸುಣ್ಣ, ಒರೆಸುವವನ ಸೋಮಾರಿತನ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಈಗ ಮಗಳು ಶ್ರೀವಾಣಿಯ ಮದುವೆ ಗೊತ್ತಾಗಿ, ಅವಳು ಆಸೆಪಟ್ಟಳೆಂದು ಕಪ್ಪು ಕಾರು ಬಂದಿತ್ತು. ಬಂದ ಮೊದಲನೆಯ ದಿನವೇ ಗಂಗುಲಪ್ಪ ಬಕೆಟ್ಟು ಹಿಡಿದು ತೊಳೆದು, ಹಳೆಯ ಪಂಚೆಯಲ್ಲಿ ಒರೆಸಿ, ಕಾಫಿ ಕುಡಿದು ಬರುವಷ್ಟರಲ್ಲಿ ಕಾರಿನ ಮೈತುಂಬ ಬಿಳಿ ಚುಕ್ಕೆ.

"ಏನಯ್ಯಾ ಗಂಗುಲಪ್ಪ, ಕಾರಿಗೆ ಸಿಬ್ಬು ಎದ್ದಂಗಿದೆಯಲ್ಲಯ್ಯ! ತೊಳೆದಿದ್ದೀಯೋ, ಸುಣ್ಣ ಹೊಡೆದಿದ್ದೀಯೋ?" ಎಂದರು ಚನ್ನರಾಯಪ್ಪ.

ಆವತ್ತಿನಿಂದ ಒಂದು ತಿಂಗಳು ಇದೇ ಕಥೆ. ತೊಳೆಯುವುದು, ಬೈಸಿಕೊಳ್ಳುವುದು, ಮತ್ತೆ ಒರೆಸುವುದು. ಒರೆಸಿ ಒರೆಸಿ ಅವನ ಬಲಭುಜ ಊಟದ ಹೊತ್ತಿನಲ್ಲೂ ನೋಯುತ್ತಿತ್ತು. ನಿಜ ಹೇಳಬೇಕೆಂದರೆ ಗಂಗುಲಪ್ಪನಿಗೆ ಕಾರೇ ಸಾಕಾಗಿತ್ತು. ಮಂಡಿಚಿಪ್ಪು ಸವೆದಿತ್ತು, ಕ್ಲಚ್ಚು ಒತ್ತಿದರೆ ಸೊಂಟದವರೆಗೆ ಹಿಡಿಯುತ್ತಿತ್ತು. ಸಂಜೆ ಎದುರುಗಡೆಯಿಂದ ಬರುವ ಲೈಟುಗಳು ಕಣ್ಣಿಗೆ ರಾಚುತ್ತಿದ್ದವು. ಈಗಿನ ಹುಡುಗರು ಲೈಟು ತಗ್ಗಿಸುವುದೇ ಇಲ್ಲ ಎಂದು ಬೈದುಕೊಂಡು ಓಡಿಸುತ್ತಿದ್ದ.

ಆದರೂ ಕೆಲಸ ಬಿಟ್ಟಿರಲಿಲ್ಲ. ಕಾರಣ ಶ್ರೀವಾಣಿ. ಎಲ್‌ಕೆಜಿಯಿಂದ ಹಿಡಿದು ಕೋಲಾರದ ಕಾಲೇಜಿನವರೆಗೆ ಅವಳನ್ನು ಕರೆದುಕೊಂಡು ಹೋಗಿ ಬಂದವನು ಅವನೇ. ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವಳು ಹಿಂದಿನ ಸೀಟಿನಿಂದ, "ಮಾಮಾ, ನನ್ ಮದುವೆಗೂ ನೀವೇ ಕರ್ಕೊಂಡು ಹೋಗ್ಬೇಕು" ಅಂದಿದ್ದಳು. "ಆಯ್ತು ಪಾಪಾ" ಅಂದಿದ್ದ. ಅವಳಿಗೆ ಅದು ನೆನಪಿತ್ತೋ ಇಲ್ಲವೋ, ಅವನಿಗೆ ನೆನಪಿತ್ತು. ಹೆಣ್ಣುಮಕ್ಕಳಿಲ್ಲದ ಮನುಷ್ಯ. ಆ ಹುಡುಗಿಯನ್ನು ತನ್ನ ಕೈಯಾರೆ ಛತ್ರದ ಬಾಗಿಲಿಗೆ ಇಳಿಸಿ, ಆಮೇಲೆ ಬೀಗದ ಕೈ ಕೊಟ್ಟು ಮನೆಯಲ್ಲಿ ಕಾಲು ಚಾಚಿ ಮಲಗಬೇಕು. ಅವನಿಗೆ ಇದ್ದ ಆಸೆ ಇದೊಂದೇ.

ಮದುವೆ ಮುಳಬಾಗಿಲಿನ ಛತ್ರದಲ್ಲಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಹುಡುಗಿ ಮನೆ ಬಿಡಬೇಕು. ಬುಧವಾರ ಸಂಜೆ ಚನ್ನರಾಯಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು ನಿಂತರು.

"ನೋಡಪ್ಪಾ, ಬೀಗರ ಮುಂದೆ ಈ ಗಾಡಿ ಹಿಂಗೆ ನಿಂತ್ರೆ ನನ್ ಮಾನ ಹೋಗುತ್ತೆ. ಶುಕ್ರವಾರ ಬೆಳಗ್ಗೆ ಒಂದೇ ಒಂದು ಕಲೆ ಕಂಡ್ರೂ ವೆಂಕಟ್ ಕೋಲಾರಕ್ಕೆ ಹೋಗಿ ತೊಳೆಸ್ಕೊಂಡು ಬರ್ತಾನೆ, ಅವನೇ ಓಡಿಸ್ತಾನೆ. ನೀನು ಬಸ್ಸಲ್ಲಿ ನೆಂಟರ ಜೊತೆ ಬಂದ್ಬಿಡು. ನಿಂಗೂ ಸುಸ್ತಾಗಿದೆ."

ವೆಂಕಟ್ ಮಂಡಿಯ ಗುಮಾಸ್ತ, ಮೂವತ್ತರ ಆಸುಪಾಸಿನವನು. ಕೆಟ್ಟವನೇನಲ್ಲ. ಆದರೆ ಆ ಮಾತು ಕೇಳಿ ಗಂಗುಲಪ್ಪನಿಗೆ ಅನ್ನ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಅವನಿಗೊಂದು ಉಪಾಯ ಹೊಳೆಯಿತು. ಬೀದಿಯ ತುದಿಯಲ್ಲಿ ಫಿಲ್ಟರ್ ನೀರಿನ ಘಟಕವಿತ್ತು. ಊರಿನವರೆಲ್ಲ ಕಾಸು ಹಾಕಿ ಮುಂದಿನ ನಲ್ಲಿಯಲ್ಲಿ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಹಿಂದುಗಡೆ ಇನ್ನೊಂದು ಪೈಪಿನಿಂದ ಹಗಲೆಲ್ಲ ನೀರು ಮೋರಿಗೆ ಸುರಿಯುತ್ತಿರುತ್ತದೆ, ಅದನ್ನು ಯಾರು ಬೇಕಾದರೂ ಹಿಡಿದುಕೊಳ್ಳಬಹುದು. ನೋಡಲು ತಿಳಿ. ಫಿಲ್ಟರಿನ ಒಳಗಿಂದ ಬಂದ ನೀರು ಎಷ್ಟಾದರೂ ಫಿಲ್ಟರ್ ನೀರೇ ಅಲ್ಲವೇ? ಗಂಗುಲಪ್ಪ ಹತ್ತು ಬಕೆಟ್ಟು ಹೊತ್ತು ತಂದು, ಖುಷಿಯಾಗಿ ಕಾರಿನ ಮೇಲೆ ಸುರಿದ. ಬಿಸಿಲು ಬಿತ್ತು. ಅರ್ಧ ಗಂಟೆಯಲ್ಲಿ ಕಾರಿನ ಮೇಲೆ ಯಾರೋ ರಂಗೋಲಿ ಹಿಟ್ಟು ಎರಚಿದ ಹಾಗಾಯಿತು.

ಅವನಿಗೆ ಅಳು ಬಂತು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಮಾಲೂರಿನಲ್ಲಿ ಗಾಡಿ ತೊಳೆಯುವ ವಾಟರ್ ಸರ್ವಿಸ್ ಇಟ್ಟಿದ್ದ ತಮ್ಮನ ಮಗ ಕದಿರೇಶನಿಗೆ ಫೋನು ಮಾಡಿದ.

"ಅಯ್ಯೋ ದೊಡ್ಡಪ್ಪಾ! ಒಳ್ಳೆ ನೀರು ಮುಂದಕ್ಕೆ ಬಿಟ್ಟು, ಅದ್ರಲ್ಲಿದ್ದ ಉಪ್ಪೆಲ್ಲ ಸೇರ್ಸಿ ಆಚೆ ಹಾಕೋದೇ ಆ ಹಿಂದಿನ ಪೈಪು. ಬೋರ್ ನೀರಿಗಿಂತ ಅದೇ ಕೆಟ್ಟದ್ದು ದೊಡ್ಡಪ್ಪಾ" ಎಂದ ಕದಿರೇಶ. ನಕ್ಕ. ಆಮೇಲೆ ದೊಡ್ಡಪ್ಪನ ದನಿ ಕೇಳಿ ನಗು ನಿಲ್ಲಿಸಿದ. "ಕೇಳು, ಹೇಳ್ತೀನಿ. ಈಗಿರೋ ಕಲೆಗೆ ಗೋಬಿ ಗಾಡಿಯೋರ ಹತ್ರ ವಿನೆಗರ್ ಇಸ್ಕೊ. ಅಷ್ಟೇ ನೀರು ಬೆರೆಸಿ, ನೆರಳಲ್ಲಿ ಒರೆಸಿ ತಕ್ಷಣ ತೊಳೆದ್ಬಿಡು. ನಾಳೆ ಸೂರ್ಯ ಹುಟ್ಟೋಕೆ ಮುಂಚೆ ಶುರು ಮಾಡು. ಬಾನೆಟ್ ತಣ್ಣಗಿರ್ಬೇಕು. ಶಾಂಪೂ ಹಾಕಿದ್ದು ಒಣಗೋಕೆ ಬಿಡ್ಬೇಡ, ಒಂದೊಂದೇ ಭಾಗ ತೊಳೀತಾ ಬಾ. ಕೊನೇ ನೀರು ಮಾತ್ರ ಕ್ಯಾನ್ ನೀರೇ ಆಗ್ಬೇಕು. ಎರಚ್ಬೇಡ, ಮೇಲಿಂದ ಸಣ್ಣಗೆ ಬಿಡು, ತಾನೇ ಜಾರ್ಕೊಂಡು ಹೋಗುತ್ತೆ. ಪಂಚೆ ಮೂಲೆಗೆ ಬಿಸಾಕಿ ಮೈಕ್ರೋಫೈಬರ್ ಬಟ್ಟೆ ತಗೊ. ಉಜ್ಜೋ ಹಂಗಿಲ್ಲ, ಬಟ್ಟೆ ಹಾಸಿ ಮೆಲ್ಲಗೆ ಎಳಿ. ಆಮೇಲೆ ಸೈಡ್ ಕನ್ನಡಿ ಸಂದಿ ಮರೀಬೇಡ ದೊಡ್ಡಪ್ಪಾ. ಅಲ್ಲಿ ನೀರು ಕೂತಿರುತ್ತೆ, ಗಾಡಿ ಹೊರಟ್ಮೇಲೆ ಇಳಿಯುತ್ತೆ."

ಹಳೆಯ ಕಲೆಗಳನ್ನು ಹಿಂದಿನ ಸಂಜೆಯೇ ವಿನೆಗರಿನಲ್ಲಿ ಒರೆಸಿ ತೆಗೆದಿದ್ದ ಗಂಗುಲಪ್ಪ ಶುಕ್ರವಾರ ಐದೂವರೆಗೆ ಶುರು ಮಾಡಿದ. ಪಕ್ಕದಲ್ಲಿ ನಾಲ್ಕು ಕ್ಯಾನು ಫಿಲ್ಟರ್ ನೀರು, ಎರಡು ಬಕೆಟ್ಟು, ಮೂರು ಹೊಸ ಬಟ್ಟೆ. ಮೇಲಿನಿಂದ ಕೆಳಕ್ಕೆ, ಟಾಪು, ಗಾಜು, ಬಾನೆಟ್ಟು, ಡಿಕ್ಕಿ, ಬಾಗಿಲು. ಶಾಂಪೂ ಬಟ್ಟೆಯನ್ನು ಒಂದು ಬಕೆಟ್ಟಿನಲ್ಲಿ ಅದ್ದುವುದು, ಕೊಳೆಯನ್ನು ಇನ್ನೊಂದರಲ್ಲಿ ಬಿಡುವುದು. ಕ್ಯಾನು ಎತ್ತಿ ಹೆಗಲ ಮೇಲಿಟ್ಟುಕೊಂಡು ಸಣ್ಣಗೆ ಬಿಟ್ಟಾಗ ನೀರು ನಿಜವಾಗಿಯೂ ಹಾಸಿದ ಸೀರೆಯನ್ನು ಎಳೆದ ಹಾಗೆ ಸರಿದು ಹೋಯಿತು. ಒಂದು ಬಟ್ಟೆ ಹಾಸಿದ, ಎಳೆದ, ಮಡಚಿದ, ಒಣಗಿದ ಮಗ್ಗುಲು ತಿರುಗಿಸಿ ಮತ್ತೆ ಹಾಸಿದ. ಎಡಗಡೆಯ ಬಾಗಿಲಿಗೆ ಬರುವಷ್ಟರಲ್ಲಿ ಅವನ ಜೀವ ಸೋತು ಸುಣ್ಣವಾಗಿತ್ತು.

ಎಂಟು ಗಂಟೆಗೆ ಚನ್ನರಾಯಪ್ಪ ರೇಷ್ಮೆ ಪಂಚೆಯುಟ್ಟು ಹೊರಗೆ ಬಂದರು. ಕಾರನ್ನು ನೋಡಿದರು. ಬಾಗಿಲಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರು.

"ಭಲೇ ಗಂಗುಲಪ್ಪ! ಕನ್ನಡಿ ಕಣಯ್ಯಾ ಇದು! ಹೋಗು, ಸ್ನಾನ ಮಾಡಿ ಬಿಳೀ ಬಟ್ಟೆ ಹಾಕ್ಕೊಂಡು ಬಾ. ನೀನೇ ಓಡಿಸ್ಬೇಕು."

ಒಂದು ತಿಂಗಳಿಂದ ಕಾಯುತ್ತಿದ್ದ ಮಾತು. ಕೇಳಿ ಗಂಗುಲಪ್ಪನ ಎದೆ ತುಂಬಿ ಬಂತು. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಒಂಬತ್ತೂವರೆಗೆ ಬಂದಾಗ ಬಿಸಿಲು ಕಾಂಪೌಂಡಿನೊಳಗೆ ಇಳಿದಿತ್ತು. ಕೊನೆಯದಾಗಿ ಒಂದು ಸಲ ನೋಡೋಣವೆಂದು ಬಾನೆಟ್ಟಿನ ಮುಂದೆ ನಿಂತ. ನಟ್ಟ ನಡುವೆ, ಅಂಗೈಯಗಲ ಒಂದು ಬಿಳಿ ಕಲೆ.

ಬಟ್ಟೆ ತೆಗೆದು ಒರೆಸಿದ. ಹೋಗಲಿಲ್ಲ. ಬಾಯಿಂದ ಆವಿ ಊದಿ ಒರೆಸಿದ. ವಿನೆಗರ್ ಹಚ್ಚಿ, ಕ್ಯಾನಿನ ತಳದಲ್ಲಿ ಉಳಿದಿದ್ದ ನೀರು ಬಿಟ್ಟು ಒರೆಸಿದ. ಅದು ಅಲ್ಲೇ ಇತ್ತು.

ವರಾಂಡದ ಕುರ್ಚಿಯಲ್ಲಿ ಚನ್ನರಾಯಪ್ಪನವರ ತಾಯಿ ಅಕ್ಕಯಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ದೀಪಾವಳಿ ಕಳೆದ ಮೇಲೆ ಅವರಿಗೆ ಕಣ್ಣಿನ ಆಪರೇಷನ್ ಆಗಿತ್ತು.

"ಏನು ನಾಯನಾ, ಆಗ್ಲಿಂದ ಅದೊಂದೇ ಕಡೆ ಒರೆಸ್ತಿದ್ದೀಯ?" ಎಂದರು ತಮ್ಮ ತೆಲುಗು ಬೆರೆತ ಮಾತಿನಲ್ಲಿ.

"ಇಲ್ಲೊಂದು ಕಲೆ ಇದೆ ಅಮ್ಮಾ. ಹೋಗ್ತಾನೇ ಇಲ್ಲ. ಅಣ್ಣ ನೋಡಿದ್ರೆ ನನ್ ಕಥೆ ಮುಗೀತು."

ಮುದುಕಿ ಕೋಲೂರಿಕೊಂಡು ಇಳಿದು ಬಂದು, ಕನ್ನಡಕ ಮೇಲೆತ್ತಿ, ಬಾನೆಟ್ಟಿನ ಮೇಲೆ ಬಗ್ಗಿ ನೋಡಿದರು. ಆಮೇಲೆ ಬಾನೆಟ್ಟು ಬಿಟ್ಟು ಗಂಗುಲಪ್ಪನ ಮುಖ ನೋಡಿದರು.

"ಏಮೀ ಲೇದು ನಾಯನಾ. ಇಲ್ಲಿ ಏನೂ ಇಲ್ಲ. ಎಲ್ಲಿ, ಆ ಬಾಗಿಲು ನೋಡು. ಅಲ್ಲೂ ಇದೆಯಾ?"

ಅವನು ಬಾಗಿಲು ನೋಡಿದ. ಕಲೆ ಬಾಗಿಲ ಮೇಲೂ ಇತ್ತು. ಗೇಟು ನೋಡಿದ. ಗೇಟಿನ ಮೇಲೂ ಇತ್ತು.

"ಒಂದು ಕಣ್ಣು ಮುಚ್ಕೋ" ಎಂದರು ಅಕ್ಕಯಮ್ಮ.

ಬಲಗಣ್ಣು ಮುಚ್ಚಿದ. ಬಾನೆಟ್ಟು ಕನ್ನಡಿಯ ಹಾಗೆ ಹೊಳೆಯಿತು, ಅದರಲ್ಲಿ ಆಕಾಶ, ಚಪ್ಪರದ ಬಾಳೆಕಂಬ, ಅವನ ದಣಿದ ಮುಖ. ಎಡಗಣ್ಣು ಮುಚ್ಚಿದ. ಎಲ್ಲದರ ಮೇಲೂ ಹಾಲಿನ ಕೆನೆ ಕಟ್ಟಿದಂತೆ ಮಂಜು.

"ನಂಗೂ ಹಿಂಗೇ ಆಗಿತ್ತು" ಎಂದರು ಮುದುಕಿ ಮೆಲ್ಲಗೆ. "ಸ್ಟೀಲ್ ತಟ್ಟೆಯೆಲ್ಲ ಒರೆಸಿ ಒರೆಸಿ ಇಡ್ತಿದ್ದೆ. ಸರಿಯಾಗಿ ಬೆಳಗಲ್ಲ ಅಂತ ಕೆಲಸದೋಳನ್ನ ಬೈದು ಬಿಡಿಸ್ಬಿಟ್ಟೆ. ಕಣ್ಣು ಬಂದ್ಮೇಲೆ ನೋಡಿದ್ರೆ ತಟ್ಟೆ ಫಳಫಳ ಅಂತಿತ್ತು. ಪೊರೆ ಇದು, ತೆಗೀತಾರೆ, ಭಯ ಬೀಳ್ಬೇಡ. ನಾನು ಯಾರಿಗೂ ಹೇಳಲ್ಲ. ಓಡಿಸೋನು ನೀನು, ನೀನೇ ಹೇಳ್ಬೇಕು."

ಅವರು ಮತ್ತೆ ಕುರ್ಚಿಗೆ ಹೋಗಿ ಕೂತರು. ಗಂಗುಲಪ್ಪ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತ. ಒಂದು ಗಂಟೆಯ ದಾರಿ. ಪ್ರತಿ ರೋಡ್ ಹಂಪೂ ಪ್ರತಿ ತಿರುವೂ ಬಾಯಿಪಾಠ. ಹಗಲು ಬೇರೆ. ಇಷ್ಟು ದಿನ ಓಡಿಸಿಲ್ಲವೇ, ಇದೊಂದು ದಿನ ಓಡಿಸಿದರೆ ಯಾರಿಗೆ ಗೊತ್ತಾಗುತ್ತದೆ? ನಾಳೆಯಿಂದ ಬೇಡವೇ ಬೇಡ.

ಆಗ ಹೋದ ವಾರದ ಸೈಕಲ್ಲಿನವನು ನೆನಪಾದ. ರಾಯಲ್ಪಾಡು ರಸ್ತೆಯಲ್ಲಿ, ಹುಲ್ಲಿನ ಹೊರೆ ಕಟ್ಟಿಕೊಂಡು, ಖಾಲಿ ರಸ್ತೆಯ ಬಲಗಡೆಯಿಂದ ದಿಢೀರನೆ ಎದುರಿಗೆ ಬಂದಿದ್ದ. ಗಂಗುಲಪ್ಪ ಕೂದಲೆಳೆಯಲ್ಲಿ ತಪ್ಪಿಸಿ, ಗಾಜು ಇಳಿಸಿ, "ಎಲ್ಲಿಂದ ಬಂದ್ಯೋ ಲೇ, ಕಣ್ಣಿಲ್ವಾ ನಿಂಗೆ" ಎಂದು ಬಾಯಿಗೆ ಬಂದಂತೆ ಬೈದಿದ್ದ. ಆ ಬಡಪಾಯಿ ಹೆದರಿ ಕೈ ಮುಗಿದಿದ್ದ. ಅವನು ಎಲ್ಲಿಂದ ಬಂದನೆಂದು ಗಂಗುಲಪ್ಪನಿಗೆ ಈಗ ಗೊತ್ತಾಯಿತು. ಅವನು ರಸ್ತೆಯ ಮೇಲೇ ಇದ್ದ. ಈ ಕಲೆಯ ಹಿಂದೆ ಇದ್ದ.

ಹತ್ತು ಗಂಟೆಗೆ ಶ್ರೀವಾಣಿ ಮೆಟ್ಟಿಲಿಳಿದು ಬಂದಳು, ಹಣೆಗೆ ಬಾಸಿಂಗ ಕಟ್ಟುವುದೊಂದು ಬಾಕಿ. "ಮಾಮಾ, ಏಳನೇ ಕ್ಲಾಸಲ್ಲಿ ಹೇಳಿದ್ದೆ, ನೆನಪಿದೆಯಾ?" ಎಂದು ನಕ್ಕಳು. ಅವಳಿಗೆ ನೆನಪಿತ್ತು. ಅದೊಂದು ಮರೆತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗಂಗುಲಪ್ಪನಿಗೆ.

ಅವನು ಬೀಗದ ಕೈಯನ್ನು ಪಕ್ಕದಲ್ಲಿ ನಿಂತಿದ್ದ ವೆಂಕಟನ ಕೈಗೆ ಹಾಕಿ, ಚನ್ನರಾಯಪ್ಪನವರ ಕಡೆ ತಿರುಗಿದ.

"ಅಣ್ಣಾ, ನನ್ ಬಲಗಣ್ಣಿಗೆ ಪೊರೆ ಬಂದಿದೆ. ಪಾಪಾನ ಕೂರಿಸ್ಕೊಂಡು ನಾನು ಓಡ್ಸಲ್ಲ."

ಚನ್ನರಾಯಪ್ಪನವರ ಮುಖ ಕೆಂಪಾಯಿತು. "ಯಾವತ್ತಿಂದಯ್ಯಾ? ಹೋದ ತಿಂಗಳು ನಮ್ಮಮ್ಮನ್ನ ಕೋಲಾರಕ್ಕೆ ಕರ್ಕೊಂಡು ಹೋಗಿ ಬಂದಿದ್ದು ಈ ಕಣ್ಣಲ್ಲೇನಾ?"

ಗಂಗುಲಪ್ಪ ತಲೆ ತಗ್ಗಿಸಿದ.

"ಗೊತ್ತಾದ ತಕ್ಷಣ ಹೇಳಿದ್ದಾನೆ, ಬಿಡೋ. ರಾಹುಕಾಲ ಬಂತು, ಹೊರಡಿ" ಎಂದರು ಅಕ್ಕಯಮ್ಮ. ಶ್ರೀವಾಣಿ ಮುಂದಿನ ಎಡಗಡೆಯ ಬಾಗಿಲು ತಾನೇ ತೆರೆದು ಹಿಡಿದು ನಿಂತಳು. "ಹತ್ತಿ ಮಾಮಾ. ಬಸ್ಸಲ್ಲೆಲ್ಲ ಬರೋದು ಬೇಡ."

ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಸೀಟಿನಲ್ಲಿ ಕೂತವನಲ್ಲ. ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ಪ್ರತಿ ಹಂಪಿಗೂ ಅವನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತಿತು. ವೆಂಕಟ್ ಚೆನ್ನಾಗಿಯೇ ಓಡಿಸಿದ. ಅದೂ ಒಂಥರಾ ಸಂಕಟವಾಯಿತು.

ಛತ್ರದ ಮುಂದೆ ವಾಲಗ ಶುರುವಾಯಿತು. ಎಲ್ಲರೂ ಇಳಿದರು. ಗಂಗುಲಪ್ಪ ಅಭ್ಯಾಸಬಲದಿಂದ ಜೇಬಿನ ಬಟ್ಟೆ ಮುಟ್ಟಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತಿದ್ದ ಶ್ರೀವಾಣಿಯನ್ನು ಕೇಳಿದ.

"ಪಾಪಾ, ಎಲ್ಲಾದ್ರೂ ಕಲೆ ಇದೆಯಾ, ನೋಡಿ ಹೇಳಮ್ಮ."

ಅವಳು ಕಾರನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. "ಏನೂ ಇಲ್ಲ ಮಾಮಾ. ಕನ್ನಡಿ ಥರಾ ಇದೆ" ಎಂದು ಹೇಳಿ, ಕರೆದವರ ಜೊತೆ ಒಳಗೆ ಹೋದಳು.

ಅವಳು ಹೋದ ಮೇಲೆ ಗಂಗುಲಪ್ಪ ಬಲಗಣ್ಣು ಮುಚ್ಚಿ ನೋಡಿದ. ಎಡಗಡೆಯ ಕನ್ನಡಿಯ ಸಂದಿಯಿಂದ ನೀರು ಇಳಿದು, ದಾರಿಯ ಧೂಳು ಹಿಡಿದು, ಬಾಗಿಲ ಮೇಲೆ ಉದ್ದಕ್ಕೆ ಒಂದು ಗೆರೆ ಒಣಗಿ ನಿಂತಿತ್ತು. ಕದಿರೇಶ ಅಷ್ಟು ಹೇಳಿದ್ದರೂ ಸಂದಿ ಒರೆಸುವುದು ಮರೆತಿತ್ತು. ಅವನು ಬಟ್ಟೆ ಹಾಸಿ ಮೆಲ್ಲಗೆ ಎಳೆದ.

ಇದು ಹೋಯಿತು.